ಗಿಟ್‌ಹಬ್ ಖಾತೆಗೆ ಕ್ಲೈಂಟ್ ಜೋಡಿಸಲು: ಬ್ರೌಸರೋ, ಟೋಕನ್ನೋ, ಎಸ್‌ಎಸ್‌ಎಚ್ಚೋ?

ಕೋಡ್ ಇಡುವ ತಾಣವಾದ ಗಿಟ್‌ಹಬ್‌ನ ಖಾತೆಗೆ ಕ್ಲೈಂಟನ್ನು (ಕಂಪ್ಯೂಟರಿನಿಂದ ಕೋಡ್ ಕಳಿಸುವ, ತರಿಸುವ ತಂತ್ರಾಂಶ) ಯಾವ ದಾರಿಯಲ್ಲಿ ಜೋಡಿಸಲಿ ಎಂದು ದಾವಣಗೆರೆಯ ವಿದ್ಯಾರ್ಥಿಯೊಬ್ಬರು ಕೇಳಿದ್ದಾರೆ. 2021ರ ಆಗಸ್ಟ್ 13ರಿಂದ ಗಿಟ್‌ಹಬ್ ಗಿಟ್ ಕೆಲಸಗಳಿಗೆ, ಅಂದರೆ ಕೋಡ್ ಕಳಿಸಲು, ತರಿಸಲು, ಖಾತೆಯ ಪಾಸ್‌ವರ್ಡ್ ಒಪ್ಪುತ್ತಿಲ್ಲವಾದ್ದರಿಂದ, ಆಯ್ಕೆ ಬ್ರೌಸರ್ ಲಾಗಿನ್, ಟೋಕನ್, ಎಸ್‌ಎಸ್‌ಎಚ್ ಕೀಲಿ ಈ ಮೂರರೊಳಗೇ ಆಗಬೇಕು. ಖರ್ಚು ಯಾವುದಕ್ಕೂ ಇಲ್ಲ.

ಸುಲಭವಾದದ್ದು ಬ್ರೌಸರ್ ಲಾಗಿನ್: ಗಿಟ್‌ಹಬ್‌ನದೇ ಕ್ಲೈಂಟ್ ಆದ ಗಿಟ್‌ಹಬ್ ಡೆಸ್ಕ್‌ಟಾಪ್‌ನಲ್ಲಿ ಸೈನ್ ಇನ್ ಒತ್ತಿ, ತೆರೆದುಕೊಂಡ ಪುಟದಲ್ಲಿ ಅನುಮತಿ ಕೊಟ್ಟರೆ ಮುಗಿಯಿತು. ಆದರೆ ಹತ್ತು ಜನ ಬಂದು ಕೂರುವ ಕಾಲೇಜು ಲ್ಯಾಬಿನ ಕಂಪ್ಯೂಟರಿನಲ್ಲಿ ಸೈನ್ ಔಟ್ ಮರೆತು ಎದ್ದರೆ, ನಿಮ್ಮ ಖಾತೆಗೆ ಬೇರೆಯವರ ಕೋಡ್ ಸೇರೀತು. ಅಲ್ಲಿ ಟೋಕನ್ (ಪಾಸ್‌ವರ್ಡಿನ ಬದಲು ಕೊಡುವ ಗುಪ್ತ ಅಕ್ಷರಮಾಲೆ) ಒಪ್ಪುವ ಕ್ಲೈಂಟ್ ಇದ್ದರೆ, ಒಂದೇ ರೆಪಾಸಿಟರಿಗೆ (ಒಂದು ಯೋಜನೆಯ ಕೋಡ್ ಸಂಗ್ರಹ) ಸೀಮಿತವಾದ, ಏಳು ದಿನದ ಟೋಕನ್ ಲೇಸು. ರಚಿಸಿದಾಗ ಅದು ಒಮ್ಮೆ ಮಾತ್ರ ಕಾಣಿಸುವುದರಿಂದ ಆಗಲೇ ನಕಲಿಸಿಕೊಳ್ಳಬೇಕು.

ಸ್ವಂತ ಲ್ಯಾಪ್‌ಟಾಪಿನವರಿಗೆ ಎಸ್‌ಎಸ್‌ಎಚ್ ಕೀಲಿ (ಕಂಪ್ಯೂಟರಿನಲ್ಲಿಟ್ಟು ಗುರುತು ಸಾಬೀತುಪಡಿಸುವ ಡಿಜಿಟಲ್ ಕೀಲಿ) ಹೆಚ್ಚು ಬಾಳಿಕೆಯದು; ವರ್ಷವಿಡೀ ಬಳಸದೆ ಬಿಟ್ಟರಷ್ಟೇ ಗಿಟ್‌ಹಬ್ ಅದನ್ನು ಅಳಿಸುತ್ತದೆ. ಹಾಸ್ಟೆಲ್ ವೈಫೈ ಎಸ್‌ಎಸ್‌ಎಚ್ ಬಳಸುವ 22ನೇ ಪೋರ್ಟನ್ನು (ಸಂಪರ್ಕ ಸಾಗುವ ಸಂಖ್ಯೆಯುಳ್ಳ ದಾರಿ) ತಡೆದಿದ್ದರೆ 443ರ ಮೂಲಕ ಸಾಗಿಸಬಹುದು.