ತಿಥಿ ಕೇಳಿ ಬೋಟ್ ಬಿಟ್ಟವರು: ಹೊನ್ನಾವರ, ಶರಾವತಿ

ರೇಟಿಂಗ್: 5ಕ್ಕೆ 4

ಹೊನ್ನಾವರದಲ್ಲಿ ಶರಾವತಿ ಹೊಳೆ ಸುತ್ತೋಕೆ ಬೋಟ್ ಬೇಕು ಅಂತ ಫೋನ್ ಮಾಡಿದರೆ ಎಲ್ಲರೂ ಮೊದಲು ರೇಟು ಹೇಳ್ತಾರೆ. ಇವರು ಕೇಳಿದ್ದು, "ಬರೋದು ಯಾವ ದಿನ? ಅವತ್ತು ತಿಥಿ ಯಾವುದು ನೋಡಿ." ನಾನು ಗಂಗಾವತಿಯಲ್ಲಿ ಅಕ್ಕಿ ಮಿಲ್ಲಿನ ಲೆಕ್ಕ ಬರೆಯುವವನು. ಗೋಡೆ ಮೇಲಿನ ಕ್ಯಾಲೆಂಡರ್ ನೋಡಿ, ಹುಣ್ಣಿಮೆ ಆದ ಮೇಲಿನ ಬಿದಿಗೆ ಅಂದೆ. "ಹಾಗಾದ್ರೆ ಏಳು ಗಂಟೆಗೆ ಬೇಡ, ಹತ್ತಕ್ಕೆ ಬನ್ನಿ." ನಾನು ಈ ಬೋಟ್ ಗೊತ್ತು ಮಾಡಿದ್ದೇ ಆ ಮಾತಿಗೆ.

ಆನೆಗುಂದಿಯಲ್ಲಿ ಹರಿಗೋಲು ಹತ್ತಿದವರಿಗೆ ಇದು ಹೊಸದು. ನಮ್ಮಲ್ಲಿ ಡ್ಯಾಮಿಂದ ನೀರು ಎಷ್ಟು ಬಿಟ್ಟಾರೆ ಅಂತ ಕೇಳಿಕೊಂಡರೆ ಮುಗೀತು, ತುಂಗಭದ್ರೆ ಹರಿಯೋದು ಒಂದೇ ದಿಕ್ಕಿಗೆ. ಶರಾವತಿಯಲ್ಲಿ ದಿನಕ್ಕೆ ಎರಡು ಸಲ ಸಮುದ್ರದ ನೀರು ಹೊಳೆಯೊಳಗೆ ಏರುತ್ತೆ, ಅದು ಭರತ; ಎರಡು ಸಲ ಇಳಿಯುತ್ತೆ, ಅದು ಇಳಿತ; ಮರುದಿನಕ್ಕೆ ಅದೇ ಭರತ ಸುಮಾರು 50 ನಿಮಿಷ ತಡ. ಹುಣ್ಣಿಮೆ, ಅಮಾವಾಸ್ಯೆಗೆ ಹಗಲಿನ ಭರತ 11ರ ಆಸುಪಾಸು ತುಂಬುತ್ತೆ ಅಂದ್ರೆ ಬಿದಿಗೆಗೆ ಹನ್ನೆರಡು ದಾಟುತ್ತೆ. ಏರುವ ನೀರಿನ ಜೊತೆ ಮೇಲಕ್ಕೆ ಹೋಗಿ ಇಳಿಯುವ ನೀರಿನ ಜೊತೆ ವಾಪಸ್ ಬಂದರೆ ಡೀಸೆಲ್ಲೂ ಉಳೀತು, ಬೋಟಿನ ತಳ ಮರಳಿಗೆ ತಾಗೋದೂ ತಪ್ಪಿತು. ಬೆಳಿಗ್ಗೆ ಏಳಕ್ಕೆ ಹೋಗಿದ್ದರೆ ಪೂರಾ ಇಳಿತ, ದಿಬ್ಬಗಳೆಲ್ಲ ಮೇಲೆ ಎದ್ದಿರುತ್ತಿದ್ದವು.

ಮೊದಲು ಹೊಳೆ ಸಮುದ್ರ ಸೇರುವ ಅಳಿವೆಯ ಹತ್ತಿರ ಒಯ್ದು ಬೋಟ್ ತಿರುಗಿಸಿದರು. ಸಮುದ್ರಕ್ಕೇ ಬಿಡಿ ಅಂತ ನನ್ನ ತಮ್ಮ ಹಟ ಹಿಡಿದ. "ಬಾಯಲ್ಲಿ ಮರಳು ಜಾಗ ಬದಲ್ಸ್ತಾ ಇರ್ತದೆ, ದುಡ್ಡು ಕೊಟ್ರೂ ಹೋಗೂದಿಲ್ಲ" ಅಂದ್ರು. ಇಳಿತದ ನೀರಿಗೆ ಎದುರಿಂದ ಅಲೆ ಬಂದು ಹೊಡೆದಾಗ ಅಲ್ಲಿ ಬೋಟ್ ಕೈಗೆ ಸಿಗಲ್ಲವಂತೆ. ಈ ಒಂದು ಖಡಕ್ ಮಾತಿಗೇ ನಾನು ಅರ್ಧ ಮಾರ್ಕು ಜಾಸ್ತಿ ಕೊಟ್ಟೀನಿ.

ಆಮೇಲೆ ಕೊಂಕಣ ರೈಲಿನ ಸೇತುವೆ, ಎರಡು ಕಿಲೋಮೀಟರಿಗೂ ಉದ್ದ, ಆ ಮಾರ್ಗದಲ್ಲೇ ಎಲ್ಲಕ್ಕಿಂತ ದೊಡ್ಡದು. ಅದರ ಕೆಳಗೆ ಎಂಜಿನ್ ಆಫ್ ಮಾಡಿದರು. ಕಂಬಕ್ಕೆ ಚಿಪ್ಪು ಅಂಟಿದ ಪಟ್ಟಿ ಇದೆ, ನೀರು ಅದರ ಅರ್ಧಕ್ಕೆ ಬಂದಿತ್ತು. ಒಂದು ತೆಂಗಿನ ಸಿಪ್ಪೆ ತೇಲುತ್ತಾ ಬಂದು ನಮ್ಮನ್ನು ದಾಟಿ ಪೂರ್ವಕ್ಕೆ, ಘಟ್ಟದ ಕಡೆಗೇ ಹೋಯ್ತು. ಅವ್ವ ಬಗ್ಗಿ ನೋಡಿ, "ಏನಪಾ ಇದು, ಹೊಳಿ ಹಿಂದಕ್ಕ ಹೊಂಟೈತಲ್ಲ!" ಅಂದಳು. ಬೆರಳು ಅದ್ದಿ ಬಾಯಿಗಿಟ್ಟು ಉಪ್ಪು ಅಂತ ಉಗುಳಿದಳು. ಮೇಲೆ ಮೇಲೆ ಹೋದ ಹಾಗೆ ಅದೇ ಪರೀಕ್ಷೆ, ಉಪ್ಪು ಕಡಿಮೆ ಆಗ್ತಾ ಹೋಯ್ತು.

ಹೊಳೆ ನಡುವಿನ ಮಾವಿನಕುರ್ವೆ ದ್ವೀಪ, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡ, ತೆಂಗಿನ ತೋಟ, ಎಲ್ಲ ಫೋಟೊದಲ್ಲಿ ನೋಡಿರ್ತೀರಿ. ಗೇರುಸೊಪ್ಪೆಗೆ ಹೋಗಲಿಲ್ಲ, ಅರ್ಧ ದಿನದಲ್ಲಿ ಆಗೋ ಮಾತಲ್ಲ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕಾಲದ ಕಾಳುಮೆಣಸು ಇದೇ ಹೊಳೆಯಲ್ಲಿ ಹೊನ್ನಾವರಕ್ಕೆ ಇಳಿದಿದ್ದು ಅಂತ ಬೋಟಿನವರೇ ಹೇಳಿದರು. ಈಗ ಗೇರುಸೊಪ್ಪೆಯಲ್ಲಿ ಅಣೆಕಟ್ಟು, ವಿದ್ಯುದಾಗಾರ.

ಒಂದು ಮಾರ್ಕು ಎಲ್ಲಿ ಹೋಯ್ತು ಅಂದ್ರೆ: ಮಕ್ಕಳ ಅಳತೆಯ ಲೈಫ್ ಜಾಕೆಟ್ ಒಂದೇ ಇತ್ತು, ಅದರದ್ದೂ ಬಕಲ್ ಮುರಿದು ಹಗ್ಗದಲ್ಲಿ ಕಟ್ಟಿದ್ದರು. ಭರತದ ಲೆಕ್ಕ ಇಷ್ಟು ಚೊಕ್ಕ ಇಟ್ಟವರು ಇದನ್ನು ಬಿಡಬಾರದಿತ್ತು. ಬೋಟಿನ ಮೇಲಿನ ತಾಡಪತ್ರಿ ಹಿಂದಿನ ಸೀಟಿಗೆ ಮುಟ್ಟಲ್ಲ, ಹನ್ನೆರಡರ ಬಿಸಿಲು ನೆತ್ತಿ ಮೇಲೆ. ಅಡ್ವಾನ್ಸ್‌ಗೆ ರಸೀತಿ ಕೇಳಿದರೆ ನಗ್ತಾರೆ.

ಕಾರಟಗಿ, ಸಿಂಧನೂರು ಕಡೆಯಿಂದ ಹೋಗೋರು ಯಲ್ಲಾಪುರದ ಮೇಲೆ ಅರಬೈಲ್ ಘಾಟ್ ಇಳಿದು ಹಿಂದಿನ ರಾತ್ರಿಯೇ ಮುಟ್ಟಿ. ಮಳೆಗಾಲ ಬೇಡ. ಸಣ್ಣ ಮಕ್ಕಳಿದ್ದರೆ ಹುಬ್ಬಳ್ಳಿಯಲ್ಲಿ ಜಾಕೆಟ್ ಕೊಂಡೇ ಹೋಗಿ. ಬೋಟಿನಲ್ಲಿ ಊಟ ಇಲ್ಲ, ನಾವು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡಿದ್ದೆವು. ಬೋಟಿನವರಿಗೂ ಕೊಟ್ಟೆವು, ಖಾರ ಜಾಸ್ತಿ ಅಂದ್ರು.