ಗೂಗಲ್ ಕೀಬೋರ್ಡ್ ಬಿಟ್ಟೆ, ವಾಟ್ಸಾಪ್ ಬಿಡಲಿಲ್ಲ: ಖಾಸಗಿತನದ ಆ್ಯಪ್‌ಗಳ ಹೋಲಿಕೆ

ಖಾಸಗಿತನ ಉಳಿಸುವ ಆ್ಯಪ್‌ಗಳ ಬಗ್ಗೆ ಇಂಗ್ಲಿಷ್‌ನಲ್ಲಿ ಬೇಕಾದಷ್ಟು ಪಟ್ಟಿಗಳಿವೆ. ಅವುಗಳಲ್ಲಿ ಎರಡು ವಿಷಯ ಸಿಗುವುದಿಲ್ಲ. ಒಂದು, ಆ ಆ್ಯಪ್‌ನಲ್ಲಿ ಕನ್ನಡ ಹೇಗೆ ಕೆಲಸ ಮಾಡುತ್ತದೆ. ಇನ್ನೊಂದು, ಮನೆಯವರು, ಸ್ಕೂಲಿನವರು, ಅಪಾರ್ಟ್‌ಮೆಂಟಿನವರು ಅದಕ್ಕೆ ಬರುತ್ತಾರಾ. ನಾನು ಬಳಸಿ ನೋಡಿದ್ದನ್ನು ಈ ಎರಡು ಲೆಕ್ಕದಲ್ಲೇ ತೂಗಿದ್ದೇನೆ. ನನ್ನದು ಮಧ್ಯಮ ಬೆಲೆಯ ಆಂಡ್ರಾಯ್ಡ್ ಫೋನ್. ಐಫೋನ್ ಇರುವವರಿಗೆ ಇಲ್ಲಿನ ಕೆಲವು ಮಾತು ಹೊಂದುವುದಿಲ್ಲ.

ಕೀಬೋರ್ಡ್: ಜಿಬೋರ್ಡ್, ಇಂಡಿಕ್ ಕೀಬೋರ್ಡ್, ಹೆಲಿಬೋರ್ಡ್

ಎಲ್ಲರೂ ಮೆಸೇಜ್ ಆ್ಯಪ್‌ನಿಂದ ಶುರು ಮಾಡುತ್ತಾರೆ. ನಾನು ಕೀಬೋರ್ಡ್‌ನಿಂದ ಶುರು ಮಾಡಿ ಅಂತೀನಿ. ಪಾಸ್‌ವರ್ಡ್, ಗೂಗಲ್‌ನಲ್ಲಿ ಹುಡುಕಿದ್ದು, ಅಮ್ಮನಿಗೆ ಕಳಿಸಿದ ಮೆಸೇಜ್, ಬರೆದು ಕಳಿಸದೆ ಅಳಿಸಿದ ಮೆಸೇಜ್, ಎಲ್ಲವೂ ಮೊದಲು ಹೋಗುವುದು ಕೀಬೋರ್ಡ್ ಕೈಗೆ. ಹೊಸ ಕೀಬೋರ್ಡ್ ಆನ್ ಮಾಡುವಾಗ ಆಂಡ್ರಾಯ್ಡ್ ಒಂದು ಎಚ್ಚರಿಕೆ ತೋರಿಸುತ್ತದೆ. ನೀವು ಟೈಪ್ ಮಾಡುವುದನ್ನೆಲ್ಲ, ಪಾಸ್‌ವರ್ಡ್, ಕ್ರೆಡಿಟ್ ಕಾರ್ಡ್ ನಂಬರ್ ಸಮೇತ, ಇದು ಸಂಗ್ರಹಿಸಬಹುದು ಎಂದು. ಯಾರು ಓದುತ್ತಾರೆ? ಸರಿ ಅಂತ ಒತ್ತಿ ಮುಂದೆ ಹೋಗುತ್ತೇವೆ.

ಕನ್ನಡದ ಮಟ್ಟಿಗೆ ಗೂಗಲ್‌ನ ಜಿಬೋರ್ಡ್‌ಗೆ ಸಾಟಿ ಇಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಇಂಗ್ಲಿಷ್ ಅಕ್ಷರದಲ್ಲಿ ಹೇಗೆ ತಪ್ಪುತಪ್ಪಾಗಿ ಒತ್ತಿದರೂ 'ನಾಲ್ಕು ಗಂಟೆಗೆ ಬರ್ತೀನಿ' ಅಂತ ಸರಿಯಾಗಿ ಊಹಿಸುತ್ತದೆ. ಮಾತಾಡಿದರೆ ಬರೆದುಕೊಳ್ಳುತ್ತದೆ. ಬೆರಳಲ್ಲಿ ಗೀಚಿದರೂ ಓದುತ್ತದೆ. ನೀವು ಬರೆದದ್ದು ಫೋನಿನಲ್ಲೇ ಉಳಿಯುತ್ತದೆ, ಅದರಿಂದ ಕಲಿತದ್ದರ ಸಾರ ಮಾತ್ರ ಸರ್ವರ್‌ಗೆ ಹೋಗುತ್ತದೆ ಎಂಬುದು ಗೂಗಲ್‌ನ ವಿವರಣೆ. ಫೆಡರೇಟೆಡ್ ಲರ್ನಿಂಗ್ ಎಂಬ ಈ ವಿಧಾನವನ್ನು 2017ರಲ್ಲೇ ಪ್ರಕಟಿಸಿದ್ದರು. ನಂಬಬಹುದು, ನಂಬದೆಯೂ ಇರಬಹುದು. ಹೊರಗಿನಿಂದ ನೋಡಿ ಖಚಿತ ಮಾಡಿಕೊಳ್ಳುವುದು ನನ್ನಂಥವರ ಕೈಲಾಗುವ ಕೆಲಸವಲ್ಲ.

ಹೆಲಿಬೋರ್ಡ್‌ನಲ್ಲಿ ಈ ನಂಬಿಕೆಯ ಪ್ರಶ್ನೆಯೇ ಬರುವುದಿಲ್ಲ. ಅದು ಇಂಟರ್ನೆಟ್ ಅನುಮತಿಯನ್ನೇ ಕೇಳುವುದಿಲ್ಲ. ಬರೆದದ್ದನ್ನು ಎಲ್ಲಿಗಾದರೂ ಕಳಿಸೋಣ ಅಂದರೂ ಅದಕ್ಕೆ ದಾರಿ ಇಲ್ಲ. ಪೂರ್ತಿ ಓಪನ್ ಸೋರ್ಸ್, ಅಂದರೆ ಅದರ ಕೋಡ್ ಯಾರು ಬೇಕಾದರೂ ನೋಡಬಹುದು. ಇಂಥ ಆ್ಯಪ್‌ಗಳೇ ಸಿಗುವ ಎಫ್-ಡ್ರಾಯ್ಡ್ ಎಂಬ ಆ್ಯಪ್ ಅಂಗಡಿಯಲ್ಲಿ ಸಿಗುತ್ತದೆ. ತೊಂದರೆ ಇರುವುದು ಟೈಪಿಂಗ್‌ನಲ್ಲಿ. ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಬರುವ ಸೌಲಭ್ಯ ಇಲ್ಲ. ಇನ್‌ಸ್ಕ್ರಿಪ್ಟ್ ಕ್ರಮದ ಕೀಲಿಗಳು: ಎಡಗಡೆ ಸ್ವರಚಿಹ್ನೆ, ಬಲಗಡೆ ವ್ಯಂಜನ. 'ಕನ್ನಡ' ಬರೆಯಲು ಕ, ನ, ಹಲಂತ, ಮತ್ತೆ ನ, ಆಮೇಲೆ ಡ. ಶುರುವಿನಲ್ಲಿ ಒಂದು ಸಾಲು ಬರೆಯುವಷ್ಟರಲ್ಲಿ ಎದುರಿನವರು ಫೋನೇ ಮಾಡಿಬಿಡುತ್ತಿದ್ದರು. ಈಗ ಕೈ ಕೂತಿದೆ. ಎದುರಿಗೆ ಕಾಣುವ ಕನ್ನಡ ಅಕ್ಷರವನ್ನೇ ಒತ್ತುವುದರಿಂದ 'ಲ' ಬೇಕಾದಲ್ಲಿ 'ಳ' ಬರುವ ರಗಳೆಯೂ ಇಲ್ಲ.

ನಡುವೆ ಇಂಡಿಕ್ ಕೀಬೋರ್ಡ್ ಇದೆ. ಇದೂ ಓಪನ್ ಸೋರ್ಸ್. ಇದರಲ್ಲಿ ಇಂಗ್ಲಿಷ್ ಅಕ್ಷರದಿಂದ ಕನ್ನಡ ಬರೆಯಬಹುದು. ಆದರೆ ಇದು ಊಹೆ ಮಾಡುವುದಿಲ್ಲ, ನಿಯಮ ಪಾಲಿಸುತ್ತದೆ. 'ಕನ್ನಡ' ಬರೆಯಲು kannaDa ಅಂತ ಒತ್ತಬೇಕು, ಕೊನೆಯ 'ಡಿ' ದೊಡ್ಡಕ್ಷರ ಆಗಿರಲೇಬೇಕು. ಸಣ್ಣದು ಒತ್ತಿದರೆ 'ಕನ್ನದ' ಆಗುತ್ತದೆ. ಬರಹ, ನುಡಿ ಕಾಲದಿಂದ ಕಂಪ್ಯೂಟರ್‌ನಲ್ಲಿ ಬರೆದು ಅಭ್ಯಾಸ ಇರುವವರಿಗೆ ಇದು ಸಲೀಸು. ವಾಟ್ಸಾಪ್‌ನಲ್ಲೇ ಕನ್ನಡ ಟೈಪಿಂಗ್ ಕಲಿತವರಿಗೆ ಕಿರಿಕಿರಿ. ನೋಡಲು ಸ್ವಲ್ಪ ಹಳೇ ಕಾಲದ್ದು ಅನ್ನಿಸುತ್ತದೆ.

ನನ್ನ ಫೋನಿನಲ್ಲಿ ನಿಂತದ್ದು ಹೆಲಿಬೋರ್ಡ್. ಮಾತಾಡಿ ಬರೆಸುವ ಸೌಲಭ್ಯ ಹೋಯಿತು, ಅದೊಂದು ನಿಜವಾದ ನಷ್ಟ. ಅಪ್ಪನ ಫೋನಿನಲ್ಲಿ ಜಿಬೋರ್ಡ್ ಹಾಗೇ ಇದೆ. ಅವರು ಬರೆಯುವುದೇ ಇಲ್ಲ, ಎಲ್ಲ ಮೈಕ್ ಒತ್ತಿ ಹೇಳುವುದು. ಅದನ್ನು ಕಿತ್ತುಕೊಂಡರೆ ಅವರಿಗೆ ಫೋನೇ ಇಲ್ಲದ ಹಾಗೆ.

ಮೆಸೇಜ್: ವಾಟ್ಸಾಪ್, ಟೆಲಿಗ್ರಾಂ, ಸಿಗ್ನಲ್

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸಬೇಕು. ವಾಟ್ಸಾಪ್‌ಗಿಂತ ಟೆಲಿಗ್ರಾಂ ಸುರಕ್ಷಿತ ಅಂತ ಬಹಳ ಜನ ನಂಬಿದ್ದಾರೆ. ಟೆಲಿಗ್ರಾಂನ ಮಾಮೂಲಿ ಚಾಟ್‌ಗೆ, ಯಾವ ಗ್ರೂಪ್‌ಗೂ, ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ (ಕಳಿಸಿದವರು, ಪಡೆದವರು ಬಿಟ್ಟು ಕಂಪನಿಯೂ ಓದಲಾಗದ ಬೀಗ) ಇಲ್ಲ. ಅದು ಇರುವುದು ಇಬ್ಬರ ನಡುವಿನ 'ಸೀಕ್ರೆಟ್ ಚಾಟ್'ನಲ್ಲಿ ಮಾತ್ರ, ಅದನ್ನೂ ನಾವೇ ಹುಡುಕಿ ಆನ್ ಮಾಡಬೇಕು. ವಾಟ್ಸಾಪ್‌ನಲ್ಲಿ 2016ರಿಂದಲೂ ಎಲ್ಲ ಚಾಟ್‌ಗೂ ಅದು ತಾನಾಗಿಯೇ ಇದೆ, ಅದೂ ಸಿಗ್ನಲ್‌ನವರ ಪ್ರೋಟೊಕಾಲ್ ಬಳಸಿ. ಕೆಪಿಎಸ್‌ಸಿ ಪರೀಕ್ಷೆಯ ನೋಟ್ಸ್, ಪಿಡಿಎಫ್‌ಗೆ ಟೆಲಿಗ್ರಾಂ ಚೆನ್ನಾಗಿದೆ. ಸ್ವಂತ ಮಾತಿಗೆ ನಾನು ಬಳಸುವುದಿಲ್ಲ.

ಹಾಗಾದರೆ ವಾಟ್ಸಾಪ್ ಸಾಕಲ್ವಾ? ಮೆಸೇಜಿನ ಒಳಗೆ ಏನಿದೆ ಅನ್ನುವುದು ಅವರಿಗೆ ಕಾಣುವುದಿಲ್ಲ. ಯಾರು ಯಾರ ಜೊತೆ, ಯಾವಾಗ, ಎಷ್ಟು ಸಲ, ಯಾವ ಗ್ರೂಪಿನಲ್ಲಿ ಅನ್ನುವುದು ಕಾಣುತ್ತದೆ. 2021ರ ಜನವರಿಯಲ್ಲಿ ವಾಟ್ಸಾಪ್ ಮಾಹಿತಿ ಹಂಚಿಕೆಯ ಹೊಸ ನೀತಿಗೆ ಒಪ್ಪಿ ಅಂತ ಕೇಳಿದಾಗ ಎಲ್ಲರೂ ಸಿಗ್ನಲ್ ಹಾಕಿಕೊಂಡದ್ದು ನೆನಪಿರಬಹುದು. ಅದೇ ನೀತಿಗಾಗಿ ನಮ್ಮ ಸ್ಪರ್ಧಾ ಆಯೋಗ 2024ರ ನವೆಂಬರ್‌ನಲ್ಲಿ ವಾಟ್ಸಾಪ್‌ನ ಒಡೆಯ ಕಂಪನಿ ಮೆಟಾಗೆ 213.14 ಕೋಟಿ ರೂಪಾಯಿ ದಂಡ ವಿಧಿಸಿತು. ಸಿಗ್ನಲ್ ಕಥೆ ಬೇರೆ. 2016ರಲ್ಲಿ ಅಮೆರಿಕದ ತನಿಖೆಯೊಂದರಲ್ಲಿ ಬಳಕೆದಾರರ ಮಾಹಿತಿ ಕೇಳಿದಾಗ ಅವರ ಬಳಿ ಕೊಡಲು ಇದ್ದದ್ದು ಎರಡೇ: ಖಾತೆ ತೆರೆದ ಸಮಯ, ಕೊನೆಯ ಬಾರಿ ಸಂಪರ್ಕಕ್ಕೆ ಬಂದ ದಿನ. ನಾನು ಸಿಗ್ನಲ್ ಮೆಚ್ಚುವುದು ಇದಕ್ಕೇ. ಕೊಡುವುದಿಲ್ಲ ಅನ್ನುವ ಭರವಸೆಗಿಂತ ಕೊಡಲು ಏನೂ ಇಟ್ಟುಕೊಳ್ಳದಿರುವುದು ಮೇಲು.

ಬಳಕೆಯಲ್ಲಿ ಸಿಗ್ನಲ್‌ಗೆ ಕೊರತೆ ಕಡಿಮೆ. ಕರೆ ಸ್ಪಷ್ಟವಾಗಿರುತ್ತದೆ, ಫೋಟೋ ಹೋಗುತ್ತದೆ, ಗ್ರೂಪ್ ನಡೆಯುತ್ತದೆ. 2024ರಿಂದ ಯೂಸರ್‌ನೇಮ್ ಬಂದಿದೆ, ಹೊಸಬರಿಗೆ ಫೋನ್ ನಂಬರ್ ತೋರಿಸಬೇಕಿಲ್ಲ. ಖಾತೆ ತೆರೆಯಲು ಮಾತ್ರ ನಂಬರ್ ಬೇಕೇ ಬೇಕು. ಸೆಟ್ಟಿಂಗ್ಸ್‌ನಲ್ಲಿ 'ಇನ್‌ಕಾಗ್ನಿಟೊ ಕೀಬೋರ್ಡ್' ಅಂತೊಂದು ಆಯ್ಕೆ ಇದೆ. ಇಲ್ಲಿ ಬರೆದದ್ದನ್ನು ಕಲಿಯಬೇಡ ಅಂತ ಕೀಬೋರ್ಡ್‌ಗೆ ಹೇಳುತ್ತದೆ. ಕೀಬೋರ್ಡ್ ಈ ಮಾತು ಕೇಳದೆಯೂ ಇರಬಹುದು ಅಂತ ಸಿಗ್ನಲ್‌ನವರೇ ಪಕ್ಕದಲ್ಲಿ ಬರೆದಿದ್ದಾರೆ. ಕೀಬೋರ್ಡ್‌ನಿಂದ ಶುರು ಮಾಡಿ ಅಂದದ್ದು ಯಾಕೆ ಅಂತ ಗೊತ್ತಾಯ್ತಲ್ಲ?

ಸಿಗ್ನಲ್‌ನ ದೊಡ್ಡ ತೊಂದರೆ ಅಲ್ಲಿ ಜನ ಇಲ್ಲದಿರುವುದು. ಮನೆಯಾಕೆ ಬಂದಳು, ಇಬ್ಬರು ಗೆಳೆಯರು ಬಂದರು, ಅಷ್ಟೇ. ಚಿಕ್ಕಮ್ಮನ ಫೋನಿನಲ್ಲಿ ನಾನೇ ಹಾಕಿಕೊಟ್ಟೆ. 'ಇದ್ಯಾಕೋ ಇನ್ನೊಂದು? ಅದರಲ್ಲೇ ಕಳ್ಸು' ಅಂದರು. ಅವರ ಮಾತಿನಲ್ಲಿ ನ್ಯಾಯ ಇದೆ. ಮಗಳ ಸ್ಕೂಲಿನ ಹೋಂವರ್ಕ್, ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕರ್ ಸಮಾಚಾರ, ಮದುವೆ ಕರೆಯೋಲೆ ಎಲ್ಲ ಬರುವುದು ವಾಟ್ಸಾಪ್‌ಗೆ. ಕೀಬೋರ್ಡ್ ಬದಲಿಸಲು ನಾನು ಯಾರನ್ನೂ ಕೇಳಬೇಕಿರಲಿಲ್ಲ. ಇಲ್ಲಿ ಊರನ್ನೇ ಕೇಳಬೇಕು. ನಾನು ಹೋಲಿಸಿದ್ದರಲ್ಲೆಲ್ಲ ಹೀಗೇ ಆಯಿತು. ಒಬ್ಬನೇ ಬದಲಿಸಬಹುದಾದದ್ದು ನಿಂತಿತು, ಇನ್ನೊಬ್ಬರು ಬೇಕಾದದ್ದು ಅರ್ಧಕ್ಕೆ ನಿಂತಿತು.

'ಮುಚ್ಚಿಡುವಂಥದ್ದು ನಿನ್ನ ಹತ್ರ ಏನಿದೆ' ಅಂತ ಚಿಕ್ಕಪ್ಪ ಕೇಳಿದ್ದರು. ಆಧಾರ್ ವಿರುದ್ಧ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅಂತ ಹೇಳಿದೆ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ತೀರ್ಪು ಕೊಟ್ಟದ್ದು ಆ ಪ್ರಕರಣದಲ್ಲೇ. ಜಡ್ಜ್ ಸಾಹೇಬರ ಹೆಸರು ಕೇಳಿ ಚಿಕ್ಕಪ್ಪ ವಾದ ನಿಲ್ಲಿಸಿದರು. ಸಿಗ್ನಲ್ ಮಾತ್ರ ಹಾಕಿಕೊಳ್ಳಲಿಲ್ಲ.

ಹಾಗಾಗಿ ವಾಟ್ಸಾಪ್ ಇದೆ, ಬಿಗಿ ಮಾಡಿ ಇಟ್ಟಿದ್ದೇನೆ. ಮುಖ್ಯವಾಗಿ ಬ್ಯಾಕಪ್. ಚಾಟ್‌ಗೆ ಎನ್‌ಕ್ರಿಪ್ಷನ್ ಇದ್ದರೂ ಗೂಗಲ್ ಡ್ರೈವ್‌ಗೆ ಹೋಗುವ ಬ್ಯಾಕಪ್‌ಗೆ ಎಂಡ್-ಟು-ಎಂಡ್ ರಕ್ಷಣೆ ತಾನಾಗಿ ಇರುವುದಿಲ್ಲ. 2021ರ ಕೊನೆಯಲ್ಲಿ ಆ ಆಯ್ಕೆ ಕೊಟ್ಟರು, ನಾವೇ ಆನ್ ಮಾಡಬೇಕು. ಪಾಸ್‌ವರ್ಡ್ ಮರೆತರೆ ಬ್ಯಾಕಪ್ ಹೋಯಿತು ಅಂತಲೇ ಲೆಕ್ಕ, ಎಲ್ಲಾದರೂ ಬರೆದಿಡಿ.

ಬ್ರೌಸರ್ ಮತ್ತು ಹುಡುಕಾಟ

ಇಲ್ಲಿ ಜಾಸ್ತಿ ಯೋಚಿಸುವುದೇ ಬೇಡ. ಮೂರನೆಯವರ ಕುಕೀಗಳನ್ನು (ಸೈಟಿನಿಂದ ಸೈಟಿಗೆ ನಮ್ಮ ಬೆನ್ನು ಹತ್ತಲು ಜಾಹೀರಾತಿನವರು ಬ್ರೌಸರ್‌ನಲ್ಲಿ ಇಡುವ ಗುರುತು) ಕ್ರೋಮ್‌ನಿಂದ ತೆಗೆಯುತ್ತೇವೆ ಅಂತ 2020ರಲ್ಲಿ ಹೇಳಿದ ಗೂಗಲ್, ಮುಂದೆ ಹಾಕುತ್ತಾ ಬಂದು ಕೊನೆಗೆ ಆ ಯೋಚನೆಯನ್ನೇ ಬಿಟ್ಟಿತು. ಫೈರ್‌ಫಾಕ್ಸ್ ಅವನ್ನು ಆಯಾ ಸೈಟಿನ ಒಳಗೇ ಕಟ್ಟಿಹಾಕುತ್ತದೆ. ಫೋನಿನ ಕ್ರೋಮ್‌ನಲ್ಲಿ ಎಕ್ಸ್‌ಟೆನ್ಷನ್ (ಬ್ರೌಸರ್‌ಗೆ ಸೇರಿಸುವ ಪುಟ್ಟ ಸಾಧನ) ಹಾಕಲು ಆಗುವುದಿಲ್ಲ. ಫೋನಿನ ಫೈರ್‌ಫಾಕ್ಸ್‌ನಲ್ಲಿ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಹಾಕಬಹುದು. ಕನ್ನಡ ಸುದ್ದಿ ಸೈಟ್ ಒಂದನ್ನು ಎರಡರಲ್ಲೂ ತೆರೆದು ನೋಡಿ, ಸಾಕು. ಕ್ರೋಮ್‌ನಲ್ಲಿ ಮೇಲೊಂದು ಜಾಹೀರಾತು, ಕೆಳಗೊಂದು ತಾನೇ ಓಡುವ ವಿಡಿಯೋ, ನಡುವೆ ಎರಡು ಸಾಲು ಸುದ್ದಿ, ಓದುವಾಗಲೇ ಪುಟ ಜಿಗಿಯುತ್ತದೆ. ಫೈರ್‌ಫಾಕ್ಸ್‌ನಲ್ಲಿ ಸುದ್ದಿ ಕಾಣುತ್ತದೆ.

ಬ್ರೇವ್ ಕೂಡ ಒಳ್ಳೆಯದೇ. ಹಾಕಿದ ತಕ್ಷಣ ಜಾಹೀರಾತು ತಡೆಯುತ್ತದೆ, ಹಳೇ ಫೋನಿನಲ್ಲಿ ಫೈರ್‌ಫಾಕ್ಸ್‌ಗಿಂತ ಚುರುಕು. ಅಪ್ಪನ ಫೋನಿಗೆ ಅದನ್ನೇ ಹಾಕಿದ್ದೇನೆ, ಏನೂ ಜೋಡಿಸಬೇಕಿಲ್ಲವಲ್ಲ. ಅದರ ಕ್ರಿಪ್ಟೊ, ವಾಲೆಟ್ ಗೌಜು ನನಗೆ ಹಿಡಿಸಲಿಲ್ಲ. ಕೆಲವು ಸರ್ಕಾರಿ, ಬ್ಯಾಂಕ್ ಸೈಟ್‌ಗಳು ಕ್ರೋಮ್ ಬಿಟ್ಟು ಬೇರೆಡೆ ಮುನಿಸಿಕೊಳ್ಳುತ್ತವೆ. ಅದಕ್ಕೆಂದು ಕ್ರೋಮ್ ಒಂದು ಮೂಲೆಯಲ್ಲಿದೆ.

ಹುಡುಕಾಟದಲ್ಲಿ ಡಕ್‌ಡಕ್‌ಗೋ ಇಂಗ್ಲಿಷ್‌ಗೆ ಸಾಕು. ಕನ್ನಡದಲ್ಲಿ ಕೇಳಿದರೆ ತಡವರಿಸುತ್ತದೆ. 'ಪಹಣಿ ತಿದ್ದುಪಡಿ ಅರ್ಜಿ' ಅಂತ ಹಾಕಿದಾಗ ಸಂಬಂಧವೇ ಇಲ್ಲದ ಪುಟಗಳು ಮೇಲೆ ಬಂದವು. ಅದರ ಫಲಿತಾಂಶ ಬಹುಪಾಲು ಮೈಕ್ರೋಸಾಫ್ಟ್‌ನ ಬಿಂಗ್‌ನಿಂದ ಬರುವುದು. ನೆದರ್‌ಲೆಂಡ್ಸ್‌ನ ಸ್ಟಾರ್ಟ್‌ಪೇಜ್ ಗೂಗಲ್ ಫಲಿತಾಂಶಗಳನ್ನೇ ತಂದುಕೊಡುತ್ತದೆ, ನಾವು ಯಾರು ಅಂತ ಗೂಗಲ್‌ಗೆ ಹೇಳದೆ. ಕನ್ನಡದ ಹುಡುಕಾಟಕ್ಕೆ ನಾನು ಅದನ್ನೇ ಇಟ್ಟುಕೊಂಡೆ.

ಮೇಲ್

ಪ್ರೋಟಾನ್ ಮತ್ತು ಜರ್ಮನಿಯ ಟೂಟಾ ಎರಡನ್ನೂ ತೆರೆದೆ. ಟೂಟಾ ಮೇಲ್‌ನ ವಿಷಯದ (ಸಬ್ಜೆಕ್ಟ್) ಸಾಲನ್ನೂ ಎನ್‌ಕ್ರಿಪ್ಟ್ ಮಾಡುತ್ತದೆ, ಪ್ರೋಟಾನ್ ಅಷ್ಟು ದೂರ ಹೋಗುವುದಿಲ್ಲ. ಬಳಸಲು ಪ್ರೋಟಾನ್ ಹಿತ. ಆದರೆ ನಾನು ಪ್ರೋಟಾನ್‌ನಿಂದ ಕಳಿಸಿದ ಮೇಲ್ ಹೋಗಿ ಬೀಳುವುದು ಇನ್ನೊಬ್ಬರ ಜಿಮೇಲ್‌ಗೆ ಅಂದಮೇಲೆ ಅದರ ಒಂದು ಪ್ರತಿ ಗೂಗಲ್ ಬಳಿ ಇದ್ದೇ ಇರುತ್ತದೆ. ಇದೂ ಇನ್ನೊಬ್ಬರು ಬೇಕಾದ ಬದಲಾವಣೆಯೇ. ಇನ್ನೊಂದು ಅಳುಕು: ಪ್ರೋಟಾನ್ ಮೇಲ್ ಅನ್ನು ಭಾರತದಲ್ಲಿ ನಿರ್ಬಂಧಿಸಲು ಕ್ರಮ ಕೈಗೊಳ್ಳಿ ಎಂದು 2025ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರಕ್ಕೆ ನಿರ್ದೇಶನ ಕೊಟ್ಟದ್ದು ನಮ್ಮ ಕರ್ನಾಟಕ ಹೈಕೋರ್ಟೇ. ಕಂಪನಿಯೊಂದರ ಮಹಿಳಾ ಉದ್ಯೋಗಿ ಬಗ್ಗೆ ಅಶ್ಲೀಲ ಮೇಲ್‌ಗಳು ಬಂದಿದ್ದ ಪ್ರಕರಣ ಅದು. ಬ್ಯಾಂಕ್, ಆಧಾರ್ ವಿಳಾಸವನ್ನು ಅಲ್ಲಿಗೆ ಬದಲಿಸಲು ನಾನು ಹೋಗಲಿಲ್ಲ.

ಇದಕ್ಕಿಂತ ಉಪಯೋಗಕ್ಕೆ ಬಂದದ್ದು ಡಕ್‌ಡಕ್‌ಗೋದವರ ಉಚಿತ ಮೇಲ್ ವಿಳಾಸ. ಒಂದೊಂದು ಅಂಗಡಿಗೂ ಒಂದೊಂದು ವಿಳಾಸ ಸೃಷ್ಟಿಸಿ ಕೊಡಬಹುದು, ಎಲ್ಲವೂ ನಿಮ್ಮ ಮಾಮೂಲಿ ಮೇಲ್‌ಗೇ ಬಂದು ಸೇರುತ್ತವೆ, ಮೇಲ್ ತೆರೆದದ್ದನ್ನು ಕಳಿಸಿದವರಿಗೆ ತಿಳಿಸುವ ಒಳಗಿನ ಟ್ರ್ಯಾಕರ್ ಅನ್ನು ತೆಗೆದುಹಾಕಿಯೇ. ಬಟ್ಟೆ ಅಂಗಡಿಯೊಂದಕ್ಕೆ ಮಾತ್ರ ಕೊಟ್ಟಿದ್ದ ವಿಳಾಸಕ್ಕೆ ಒಂದು ದಿನ 'ತಕ್ಷಣ ಸಾಲ' ಅಂತ ಮೇಲ್ ಬಂತು. ಎಲ್ಲಿಂದ ಸೋರಿತು ಅಂತ ಕೇಳುವುದೇ ಬೇಡ. ಆ ವಿಳಾಸ ಬಂದ್ ಮಾಡಿದೆ.

ನಕ್ಷೆ

ಚಾರ್ಮಾಡಿ ಘಾಟಿಯಲ್ಲಿ ನೆಟ್‌ವರ್ಕ್ ಇಲ್ಲದಾಗ ಆರ್ಗ್ಯಾನಿಕ್ ಮ್ಯಾಪ್ಸ್ ಗೆಲ್ಲುತ್ತದೆ. ಕರ್ನಾಟಕದ ನಕ್ಷೆ ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಬೇಡ, ಲಾಗಿನ್ ಬೇಡ. ನಕ್ಷೆ ಜನರೇ ಸೇರಿ ಬರೆಯುವ ಓಪನ್‌ಸ್ಟ್ರೀಟ್‌ಮ್ಯಾಪ್‌ನದು, ಊರಿನ ಹೆಸರು ಕನ್ನಡದಲ್ಲೂ ಕಾಣುತ್ತದೆ. ಸಂಜೆ ಆರಕ್ಕೆ ಸಿಲ್ಕ್ ಬೋರ್ಡ್ ದಾಟಬೇಕಾದಾಗ ಗೂಗಲ್ ಮ್ಯಾಪ್ಸ್ ಬಿಟ್ಟರೆ ಗತಿಯಿಲ್ಲ. ಎಲ್ಲರ ಫೋನ್ ಎಲ್ಲಿದೆ ಅಂತ ನೋಡುತ್ತಿರುವುದರಿಂದಲೇ ಟ್ರಾಫಿಕ್ ಎಲ್ಲಿದೆ ಅಂತ ಅದಕ್ಕೆ ಗೊತ್ತಿರುವುದು. ಎರಡೂ ಇವೆ. ಗೂಗಲ್‌ಗೆ 'ಆ್ಯಪ್ ಬಳಸುವಾಗ ಮಾತ್ರ' ಅಂತ ಅನುಮತಿ ಕೊಟ್ಟಿದ್ದೇನೆ.

ಹೋಲಿಸಲು ಏನೂ ಇಲ್ಲದ ಜಾಗ

ಯುಪಿಐನಲ್ಲಿ ಖಾಸಗಿತನದ ಆ್ಯಪ್ ಅಂತ ಒಂದಿಲ್ಲ. ಯಾವುದರಲ್ಲಿ ಕಳಿಸಿದರೂ ಯಾರಿಗೆ ಎಷ್ಟು ಹೋಯಿತು ಅಂತ ಬ್ಯಾಂಕಿನಲ್ಲಿ ದಾಖಲಾಗುತ್ತದೆ. ಮಾಡಬಹುದಾದದ್ದು ಚಿಕ್ಕದು. ಅನೇಕ ಆ್ಯಪ್‌ಗಳು ಫೋನ್ ನಂಬರನ್ನೇ ಯುಪಿಐ ಐಡಿ ಮಾಡಿಬಿಡುತ್ತವೆ. ಸೆಟ್ಟಿಂಗ್ಸ್‌ಗೆ ಹೋಗಿ ನಂಬರ್ ಇಲ್ಲದ ಐಡಿ ಮಾಡಿಕೊಳ್ಳಿ. ಗುರುತಿಲ್ಲದವರ ಜೊತೆ ವ್ಯವಹಾರ ಮಾಡುವ ಹೆಣ್ಣುಮಕ್ಕಳು ಇದನ್ನು ಮೊದಲು ಮಾಡಬೇಕು.

ಅಂಗಡಿಯ ಬಿಲ್ಲಿಂಗ್ ಕೌಂಟರ್‌ಗೂ ಆ್ಯಪ್ ಬೇಕಿಲ್ಲ. ಮೊಬೈಲ್ ನಂಬರ್ ಕೊಡಲೇಬೇಕು ಅಂತ ಗ್ರಾಹಕರನ್ನು ಒತ್ತಾಯಿಸಬೇಡಿ ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇನಲ್ಲಿ ವರ್ತಕರಿಗೆ ಸೂಚನೆ ಕೊಟ್ಟಿದೆ. ನಾನು 'ನಂಬರ್ ಬೇಡ, ಸುಮ್ನೆ ಬಿಲ್ ಕೊಡಿ' ಅಂತೀನಿ. ಹೆಚ್ಚಿನ ಕಡೆ ಮಾತಿಲ್ಲದೆ ಕೊಡುತ್ತಾರೆ. ಕೆಲವು ಕಡೆ 'ಸಿಸ್ಟಂ ಮುಂದಕ್ಕೆ ಹೋಗಲ್ಲ ಸಾರ್' ಅಂತಾರೆ. ಆಗ ಮ್ಯಾನೇಜರನ್ನು ಕರೆಯಿರಿ ಅಂದರೆ ಸಿಸ್ಟಂ ಹೇಗೋ ಮುಂದಕ್ಕೆ ಹೋಗುತ್ತದೆ.