ರೆಡಿಮೇಡ್ ಆರ್ಕಿಡ್ ಮಿಕ್ಸ್: ನಮ್ಮ ಮಲೆನಾಡಿನ ಮಳೇಲಿ ಬಳಸಿ ನೋಡಿದ್ದು

ಆನ್‌ಲೈನಲ್ಲಿ ಚೀಲದಲ್ಲಿ ಬರೋ, ಆರ್ಕಿಡ್ ಕುಂಡಕ್ಕೆ ಮಣ್ಣಿನ ಬದಲು ತುಂಬೋ ಆರ್ಕಿಡ್ ಮಿಕ್ಸ್ ಗೊತ್ತಲ್ಲ, ಪೈನ್ ಬಾರ್ಕ್ (ಪೈನ್ ಮರದ ತೊಗಟೆ), ತೆಂಗಿನ ಸಿಪ್ಪೆ ತುಂಡು, ಇದ್ಲು, ಒಂಚೂರು ಪರ್ಲೈಟ್ ಅನ್ನೋ ಹಗುರ ಬಿಳಿ ಕಲ್ಲಿನ ಕಾಳು, ಅದರ ಬಗ್ಗೆ ಬರೀತಿದ್ದೀನಿ. ನಂದು ತೀರ್ಥಹಳ್ಳಿ ಕಡೆ, ಜೂನ್ ಬಂತು ಅಂದ್ರೆ ತಿಂಗಳುಗಟ್ಲೆ ಬಟ್ಟೆನೇ ಸರಿಯಾಗಿ ಒಣಗಲ್ಲ, ಇದನ್ನ ತಲೇಲಿ ಇಟ್ಕೊಂಡು ಓದಿ.

ಸಿಟ್ಟು ಬರೋದು ಪುಡಿ ನೋಡಿದ್ರೆ. ಫೋಟೋದಲ್ಲಿ ಹೆಬ್ಬೆರಳು ದಪ್ಪದ ತುಂಡು ತೋರಿಸ್ತಾರೆ, ಚೀಲ ಸುರಿದು ಜರಡಿ ಹಿಡಿದ್ರೆ ಕಾಲು ಭಾಗ ಕೆಳಗೆ ಉದುರತ್ತೆ. ದುಡ್ಡು ಹೋಯ್ತು ಅನ್ನೋದು ಒಂದು ಕಡೆ, ಗಿಡ ಹೋಗೋದು ಇನ್ನೊಂದು ಕಡೆ. ನಾನು ಬೆಳೆಸೋ ಫೆಲನಾಪ್ಸಿಸ್ ಆರ್ಕಿಡ್ ಮರದ ಮೇಲೆ ಬೆಳೆಯೋ ಜಾತಿ, ಬೇರಿನ ಸುತ್ತ ವೆಲಾಮೆನ್ ಅಂತ ಬೆಳ್ಳಗಿನ ಸ್ಪಂಜಿನಂಥ ಪದರ ಇರತ್ತೆ, ಅದು ನೀರು ಹೀರ್ಕೊಂಡು ಆಮೇಲೆ ಗಾಳಿಗೆ ಒಣಗ್ಬೇಕು. ತುಂಡುಗಳ ನಡುವೆ ಸಂದು ಇದ್ರೆ ತಾನೆ ಗಾಳಿ ಆಡೋದು, ಆ ಸಂದಿಗೆ ಪುಡಿ ಇಳಿದು ಕೂತ್ರೆ ಕುಂಡದ ತಳ ಕೆಸರಾಗತ್ತೆ, ಬೇರು ಕಂದಾಗಿ ಮೆತ್ತಗಾಗಿ, ಎಳೆದ್ರೆ ಮೇಲಿನ ಪದರ ಕಳಚಿ ಒಳಗಿನ ನಾರು ಮಾತ್ರ ಕೈಗೆ ಬರತ್ತೆ. ನಮ್ಮನೆ ಹಲಸಿನ ಮರದ ಕೊಂಬೆ ಮೇಲೆ ಸೀತಾಳೆ ದಂಡೆ ಅನ್ನೋ ಕಾಡು ಆರ್ಕಿಡ್ ಇದೆ, ಇಡೀ ಮಳೆಗಾಲ ನೆನೆದ್ರೂ ಅದರ ಬೇರು ಗಟ್ಟಿಮುಟ್ಟಾಗೇ ಇರತ್ತೆ, ಯಾಕಂದ್ರೆ ಸುತ್ತ ಗಾಳಿ. ಕುಂಡದಲ್ಲಿ ನಾವು ಮಾಡ್ಬೇಕಾಗಿರೋದೂ ಅದನ್ನೇ.

ಇನ್ನೊಂದು ಉಪ್ಪು. ಸಿಪ್ಪೆ ತುಂಡಲ್ಲಿ ಸೋಡಿಯಂ, ಪೊಟ್ಯಾಸಿಯಂ ಇರತ್ತೆ, ಚೀಲದ ಮೇಲೆ "ತೊಳೆದದ್ದು" ಅಂತ ಬರೆದಿದ್ರೂ ನಂಬಬೇಡಿ. ನಮ್ಮ ಬಾವಿ ನೀರು ಟಿಡಿಎಸ್ ಮೀಟರಲ್ಲಿ (ನೀರಲ್ಲಿ ಕರಗಿದ ಉಪ್ಪು ಅಳೆಯೋದು) ನೂರೂ ಮುಟ್ಟಲ್ಲ, ರಾತ್ರಿ ಸಿಪ್ಪೆ ನೆನೆಸಿಟ್ಟು ಬೆಳಿಗ್ಗೆ ನೋಡಿದ್ರೆ ಸಾವಿರದ ಹತ್ರ.

ಆದ್ರೆ ಈ ತಯಾರಿ ಕೆಲಸ ನಂಗೆ ಎಷ್ಟು ಇಷ್ಟ ಆಗ್ಬಿಟ್ಟಿದೆ ಅಂದ್ರೆ ಚೀಲದ ಮೇಲಿನ ಸಿಟ್ಟು ಅರ್ಧ ಇಳಿದಿದೆ. ಭಾನುವಾರ ಊಟ ಆದ್ಮೇಲೆ ಜಗಲೀಲಿ ಕೂತು ಜರಡಿ ಹಿಡೀತೀನಿ, ದಪ್ಪ ತುಂಡು ಒಂದ್ಕಡೆ, ಸಣ್ಣದು ಮರಿ ಗಿಡಕ್ಕೆ, ಪುಡಿ ಎಲ್ಲ ಆಂಥೂರಿಯಂ ಬುಡಕ್ಕೆ. ಆಮೇಲೆ ಬಕೆಟ್ಟಲ್ಲಿ ನೆನೆಸೋದು. ಒಣ ಬಾರ್ಕ್ ನೀರನ್ನ ಒಳಗೇ ಬಿಟ್ಕೊಳ್ಳಲ್ಲ, ತೇಲತ್ತೆ, ತಟ್ಟೆ ಮುಚ್ಚಿ ಮೇಲೊಂದು ಕಲ್ಲು ಹೇರಿ ರಾತ್ರಿಯಿಡೀ ಬಿಡ್ಬೇಕು. ಬೆಳಿಗ್ಗೆ ನೀರು ಚಾ ಬಣ್ಣ ಆಗಿರತ್ತೆ, ಕಾಡಿನ ವಾಸನೆ ಬರತ್ತೆ. ಚೆಲ್ಲಿ, ಮತ್ತೆ ನೀರು, ಮತ್ತೆ ಚೆಲ್ಲಿ, ಬಣ್ಣ ತಿಳಿಯಾಗೋ ತನಕ. ಕೊನೇ ಸಲ ಗೊಬ್ಬರದಂಗಡೀಲಿ ಸಿಗೋ ಕ್ಯಾಲ್ಸಿಯಂ ನೈಟ್ರೇಟ್ ಬಕೆಟ್ಟಿಗೆ ಒಂದು ಚಮಚ, ಸಿಪ್ಪೆಗೆ ಅಂಟ್ಕೊಂಡ ಸೋಡಿಯಮ್ಮನ್ನ ಅದು ಬಿಡಿಸತ್ತೆ. ಅಮ್ಮ ಪಕ್ಕದಲ್ಲೇ ಕೂತು ಬಚ್ಚಲ ಒಲೆಯ ಇದ್ಲು ಆರಿಸ್ಕೊಡ್ತಾಳೆ, ಅದನ್ನ ಬೂದಿ ಹೋಗೋ ಹಾಗೆ ತೊಳೀಲೇಬೇಕು, ಬೂದಿ ಕ್ಷಾರ.

ಹೀಗೆ ತಯಾರಿಸಿದ ಮೇಲೆ ಫೆಲನಾಪ್ಸಿಸ್ ನಿಜಕ್ಕೂ ಖುಷಿ ಕೊಟ್ಟಿದೆ. ಪಾರದರ್ಶಕ ಕುಂಡದಲ್ಲಿ ಇಟ್ಟಿದ್ದೀನಿ, ಬೇರು ಬೆಳ್ಳಿ ಬಣ್ಣಕ್ಕೆ ತಿರುಗಿದ್ರೆ ನೀರು, ಹಸಿರಿದ್ರೆ ಬೇಡ, ಬೆಳಿಗ್ಗೆ ಕಾಫಿ ಲೋಟ ಹಿಡ್ಕೊಂಡು ಒಂದೊಂದೇ ಎತ್ತಿ ನೋಡೋದು ಅಭ್ಯಾಸ ಆಗಿದೆ.

ಬಾಳಿಕೆ ಮಾತ್ರ ಒಂದೇ ಥರ ಇಲ್ಲ. ಎರಡನೇ ಮಳೆಗಾಲದ ಹೊತ್ತಿಗೆ ಸಿಪ್ಪೆ ತುಂಡು ಮೆತ್ತಗಾಗಿ ಬೆರಳಲ್ಲಿ ಹಿಸುಕಿದ್ರೆ ಪುಡಿಯಾಗತ್ತೆ, ಬಾರ್ಕ್ ಇನ್ನೂ ಗಟ್ಟಿ. ಪರ್ಲೈಟ್ ನೀರು ಹಾಕ್ದಾಗೆಲ್ಲ ಮೇಲೆ ಬಂದು ಕೂರತ್ತೆ, ನಂಗೆ ಅದು ಬೇಕೇ ಇಲ್ಲ. ಬೇರೆ ಆರ್ಕಿಡ್ ಜಾತಿಗಳ ಪೈಕಿ ಡೆಂಡ್ರೋಬಿಯಂಗೆ ಈ ಮಿಕ್ಸಿಗೆ ದುಡ್ಡು ಹಾಕೋದು ದಂಡ, ಇದ್ಲು, ಒಡೆದ ಹೆಂಚಿನ ಚೂರು ಸಾಕು. ವಾಂಡಾಗಂತೂ ಏನೂ ತುಂಬದ ಬರೀ ಬುಟ್ಟಿ.

ಐದಕ್ಕೆ ಮೂರು ಕೊಡ್ತೀನಿ. ಬೆಂಗಳೂರಿನ ಒಣ ಗಾಳಿ ಬಾಲ್ಕನಿಗಾದ್ರೆ ತಗೊಳ್ಳಿ, ಅಲ್ಲಿ ಸಿಪ್ಪೆ ತೇವ ಹಿಡಿಯೋದು ಒಳ್ಳೇದೇ. ನಮ್ಮಂಥ ಮಳೆ ಊರಿನೋರು ದಪ್ಪ ಸೈಜಿನ ಬಾರ್ಕ್ ಮಾತ್ರ ಬೇರೆ ತರಿಸಿ, ಇದ್ಲು ಮನೇದೇ ಸೇರಿಸಿ. ಕುಂಡ ಬದಲಿಸೋದಿದ್ರೆ ಹೂ ಮುಗಿದು ಹೊಸ ಬೇರಿನ ತುದಿ ಹಸಿರಾಗಿ ಕಾಣೋವಾಗ, ಮಳೆ ಹಿಡಿಯೋಕೆ ಮುಂಚೇನೇ ಮುಗಿಸ್ಕೊಳ್ಳಿ.